ದಂತದ ಕುರಿಗಾಹಿ

ಕಳೆದ ವರ್ಷ ಎಂಟನೆಯ ಇಯತ್ತೆಯ ವಿದ್ಯಾರ್ಥಿಗಳಿಗೆ ನಾನೊಂದು ಸಣ್ಣ ಕೆಲಸವನ್ನು ಕೊಟ್ಟಿದ್ದೆನು. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ದೇವರನ್ನಿಡುವ ಸ್ಥಳದ ಚಿತ್ರವನ್ನು ಬರೆದು, ಆ ಸ್ಥಳಕ್ಕೆ ಮನೆಯ ಹಿರಿಯರು ಯಾವ ಹೆಸರನ್ನು ಬಳಸುವರೆಂಬುದನ್ನು ಅದರ ಕೆಳಗೆ ಬರೆದುಕೊಂಡು ಬರಬೇಕೆಂಬುದೇ ಆ ಕೆಲಸ. ಸಾನಪಾಡಾದ ಒಂದೇ ಕಟ್ಟಡದಲ್ಲಿ, ಕೆಲವೊಮ್ಮೆ ಒಂದೇ ಮಹಡಿಯಲ್ಲಿ ವಾಸಿಸುವ ಮಕ್ಕಳು ತಂದ ಹೆಸರುಗಳು ಎಷ್ಟೊಂದು ಬಗೆ! ವಿಜಯಪುರ, ಕಲಬುರಗಿಗಳ ಕಡೆಯವರು 'ಜಗಲಿ' ಎಂದು ಬರೆದಿದ್ದರು. ಉಡುಪಿಯ ಕಡೆಯವರದು 'ದೇವರ ಕೋಣೆ'. ಅಡಿಗೆಮನೆಯ ಗೋಡೆಗೆ ಬಡಿದ ಒಂದೂವರೆ ಅಡಿಯ ಹಲಗೆಯಾದರೂ ಅದರ ಹೆಸರು ಮಾತ್ರ ಕೋಣೆಯೇ. ಮಂಗಳೂರಿನ ಕಥೋಲಿಕ ಮನೆತನದ ಬಾಲಕನೊಬ್ಬನು 'ಅಲ್ತಾರ್' ಎಂದು ಬರೆದು, ಬಲು ಎಚ್ಚರಿಕೆಯಿಂದ ಚಿತ್ರಕ್ಕೆ ಬಣ್ಣ ತುಂಬಿ ತಂದಿದ್ದನು. ಅದರಲ್ಲಿ ಶಿಲುಬೆಯಿತ್ತು, ಮರಿಯಮ್ಮನವರ ಪ್ರತಿಮೆಯಿತ್ತು, ಅಜ್ಜಿಯ ಜಪಸರವಿತ್ತು. ಮೂಲೆಯಲ್ಲಿ ಹೆಗಲ ಮೇಲೆ ಕುರಿಮರಿಯನ್ನು ಹೊತ್ತ ಯೇಸುವಿನ ಒಂದು ಪುಟ್ಟ ವಿಗ್ರಹವೂ ಇತ್ತು.

"ಇದೆಲ್ಲ ಪರದೇಶದ್ದಲ್ಲವೇ, ಸರ್?" ಎಂದು ಹಿಂದಿನ ಬೆಂಚಿನಿಂದ ಒಬ್ಬನು ಕೇಳಿದನು. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ; ತಿಳಿಯುವ ಬಯಕೆಯೇ ಇದ್ದಿತು. ಚಿತ್ರ ತಂದವನು ಮಾತ್ರ ತಲೆತಗ್ಗಿಸಿ ತನ್ನ ಚಿತ್ರವನ್ನೇ ನೋಡುತ್ತ ನಿಂತನು. ನಾನು "ದೇವರಿಗೆ ದೇಶವೇನಪ್ಪಾ?" ಎಂದು ಹೇಳಿ ಮುಂದಿನ ಚಿತ್ರಕ್ಕೆ ಹೋದೆನು. ಉತ್ತರಿಸಬೇಕಾದವನು ಉತ್ತರದಿಂದ ತಪ್ಪಿಸಿಕೊಂಡು ಹೋದ ರೀತಿ ಅದು. ಈ ವರ್ಷದ ಸಂಚಿಕೆಗೆ ಲೇಖನವನ್ನು ಬರೆಯಲು ಕುಳಿತಾಗ ಆ ಬಾಕಿಯು ನೆನಪಿಗೆ ಬಂದಿತು. ಅದನ್ನು ತೀರಿಸಲು ನಾನು ಆರಿಸಿಕೊಂಡಿರುವುದು ಗೋವೆಯಲ್ಲಿ ಸುಮಾರು ಮೂರುನೂರೈವತ್ತು ವರ್ಷಗಳ ಹಿಂದೆ ಆನೆಯ ದಂತದಲ್ಲಿ ಕೆತ್ತಲ್ಪಟ್ಟ ಒಂದು ಬಗೆಯ ಪ್ರತಿಮೆಯನ್ನು.

ಬೇಸಿಗೆಯ ರಜೆಯಲ್ಲಿ ನಿಮ್ಮಲ್ಲಿ ಅನೇಕರು ಪನವೇಲಿನಿಂದ ಕೊಂಕಣ ರೈಲುಮಾರ್ಗವಾಗಿ ಕುಮಟೆಗೋ ಉಡುಪಿಗೋ ಮಂಗಳೂರಿಗೋ ಹೋಗುವಿರಷ್ಟೆ. ಆ ದಾರಿಯಲ್ಲಿ ಗೋವೆಯ ಗಡಿಯೊಳಗೆ ಕರ್ಮಲಿ ಎಂಬ ಒಂದು ನಿಲ್ದಾಣವಿದೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿರುವುದು ಹಳೆಯ ಗೋವೆ, ಎಂದರೆ ಪೋರ್ಚುಗೀಸರು ತಮ್ಮ ಪೂರ್ವದೇಶಗಳ ರಾಜ್ಯಕ್ಕೆಲ್ಲ ರಾಜಧಾನಿಯನ್ನಾಗಿ ಮಾಡಿಕೊಂಡಿದ್ದ ನಗರ. ಇಂದು ಅದು ನಗರವಾಗಿ ಉಳಿದಿಲ್ಲ; ದೊಡ್ಡ ದೊಡ್ಡ ಇಗರ್ಜಿಗಳು ಮರಗಳ ನಡುವೆ ನಿಂತಿವೆ. ಅವುಗಳ ಮಧ್ಯೆ ಸಾಂತಾ ಮೊನಿಕಾ ಎಂಬ ಸಂನ್ಯಾಸಿನಿಯರ ಮಠವೊಂದುಂಟು. ಅದರ ಕಟ್ಟಡವನ್ನು 1606ರಲ್ಲಿ ಪ್ರಾರಂಭಿಸಿ 1627ರಲ್ಲಿ ಮುಗಿಸಿದರು. ಆ ಮಠದ ಆವರಣದಲ್ಲಿ ಈಗ ಕ್ರೈಸ್ತ ಕಲಾವಸ್ತುಸಂಗ್ರಹಾಲಯವಿದೆ. 1994ರಲ್ಲಿ ರಾಶೋಲಿನ ಗುರುಮಠದಲ್ಲಿ ಸ್ಥಾಪಿತವಾದ ಈ ಸಂಗ್ರಹಾಲಯವು 2002ರಲ್ಲಿ ಇಲ್ಲಿಗೆ ಬಂದಿತು. ಇಗರ್ಜಿಗಳ ಬೆಳ್ಳಿ ಬಂಗಾರದ ಪಾತ್ರೆಗಳು, ಜರತಾರಿಯ ವಸ್ತ್ರಗಳು, ಮರದ ದೊಡ್ಡ ವಿಗ್ರಹಗಳು ಅಲ್ಲಿ ಕಣ್ಣನ್ನು ಸೆಳೆಯುತ್ತವೆ. ಆದರೆ ನಮಗೆ ಬೇಕಾದುದು ಅವುಗಳಿಗಿಂತ ಬಹಳ ಚಿಕ್ಕದಾದ ದಂತದ ಪ್ರತಿಮೆಗಳು. ಅವುಗಳಲ್ಲಿ ಅನೇಕವು ಇಗರ್ಜಿಯ ಪೀಠಕ್ಕಾಗಿ ಹುಟ್ಟಿದವುಗಳಲ್ಲ. ಮನೆಯೊಳಗಿನ ಪ್ರಾರ್ಥನೆಗಾಗಿ ಹುಟ್ಟಿದವು. ಗೋವೆಯ ಹಳೆಯ ಕ್ರೈಸ್ತ ಮನೆಗಳಲ್ಲಿ 'ಓರತೋರಿಯೋ' ಎಂದು ಕರೆಯುವ, ಬಾಗಿಲುಗಳುಳ್ಳ ಒಂದು ಮರದ ಗೂಡಿರುತ್ತದೆ. ಸಂಜೆ ದೀಪ ಹಚ್ಚಿ, ಬಾಗಿಲುಗಳನ್ನು ತೆರೆದು, ಮನೆಮಂದಿಯೆಲ್ಲ ಅದರ ಮುಂದೆ ಮೊಣಕಾಲೂರಿ ಜಪಸರದ ಪ್ರಾರ್ಥನೆಯನ್ನು ಹೇಳುವರು. ನಮ್ಮ ಬಾಲಕನ ಅಜ್ಜಿ ಸಾನಪಾಡಾದ ಮನೆಯಲ್ಲಿ ಹೇಳುವ 'ತೇರ್ಸ್' ಅದೇ ಪ್ರಾರ್ಥನೆ.

ಇಂತಹ ಗೂಡುಗಳಿಗೆ ಹೊಂದುವ ಪ್ರತಿಮೆಗಳಲ್ಲಿ ಅತ್ಯಂತ ವಿಚಿತ್ರವೂ ಅತ್ಯಂತ ಮನೋಹರವೂ ಆದುದು 'ಬೊಂ ಪಾಸ್ತೊರ್', ಎಂದರೆ ಒಳ್ಳೆಯ ಕುರಿಗಾಹಿ. ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ, ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ಕೂಡ ಇದೇ ಬಗೆಯ ಪ್ರತಿಮೆಗಳಿವೆ. ಅಲ್ಲಿಯ ಚೀಟಿಗಳಲ್ಲಿ 'ಗೋವೆ, 17ನೆಯ ಶತಮಾನ' ಎಂದೇ ಬರೆದಿರುತ್ತದೆ.

ಒಂದು ಗೇಣಿನಿಂದ ಒಂದು ಮೊಳದವರೆಗೆ ಎತ್ತರವಿರುವ ಈ ಪ್ರತಿಮೆಯನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ನೋಡೋಣ. ತುದಿಯಲ್ಲಿ ಒಬ್ಬ ಬಾಲಕನು ಕಾಲಿನ ಮೇಲೆ ಕಾಲನ್ನಿಟ್ಟು ಕುಳಿತಿದ್ದಾನೆ. ಅವನ ಅಂಗಿಯ ಮೇಲೆಲ್ಲ ಉಣ್ಣೆಯ ಗಂಟುಗಳಂತೆ ಸಣ್ಣ ಸಣ್ಣ ಗುರುತುಗಳು. ಸೊಂಟಕ್ಕೆ ಹಗ್ಗ, ಹಗ್ಗಕ್ಕೆ ನೀರಿನ ಸೋರೆಬುರುಡೆ, ಪಕ್ಕದಲ್ಲಿ ಬುತ್ತಿಯ ಚೀಲ. ಎಡಹೆಗಲ ಮೇಲೆ ಒಂದು ಕುರಿಮರಿ, ತೊಡೆಯ ಮೇಲೆ ಇನ್ನೊಂದು. ಬಲಗೈಯನ್ನು ಕೆನ್ನೆಗೆ ಆನಿಸಿಕೊಂಡು ಕಣ್ಣುಮುಚ್ಚಿದ್ದಾನೆ. ನಿದ್ರಿಸುತ್ತಿರುವನೋ, ಏನನ್ನಾದರೂ ಧ್ಯಾನಿಸುತ್ತಿರುವನೋ ಹೇಳುವುದು ಕಷ್ಟ. ರಾಯಚೂರು, ಬಳ್ಳಾರಿಗಳ ಬಯಲಿನಲ್ಲಿ ಕಂಬಳಿ ಹೊದ್ದು, ಆಗತಾನೆ ಹುಟ್ಟಿದ ಮರಿಯನ್ನು ಹೆಗಲಿಗೇರಿಸಿಕೊಂಡು ಮಂದೆಯ ಹಿಂದೆ ನಡೆಯುವ ಕುರುಬರ ಹುಡುಗರನ್ನು ಕಂಡವರಿಗೆ ಈ ಬಾಲಕನ ವೇಷವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವನು ಕುಳಿತಿರುವುದು ಒಂದು ಬೆಟ್ಟದ ನೆತ್ತಿಯಲ್ಲಿ. ಬೆಟ್ಟವು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಮೊದಲ ಮೆಟ್ಟಿಲಲ್ಲಿ ಒಂದು ಚಿಲುಮೆ. ಅದರ ನೀರನ್ನು ಇಕ್ಕೆಲಗಳಲ್ಲಿಯೂ ಹಕ್ಕಿಗಳೋ ಕುರಿಗಳೋ ಕುಡಿಯುತ್ತಿವೆ. ಅದರ ಕೆಳಗೆ ಬಂಡೆಗಳ ಸಂದಿನಲ್ಲಿ ಇನ್ನಷ್ಟು ಕುರಿಗಳು ಮೇಯುತ್ತಲೂ ಮಲಗಿಯೂ ಇವೆ. ಕೆಲವು ಪ್ರತಿಮೆಗಳಲ್ಲಿ ಎಡಬಲಗಳಲ್ಲಿ ಸಂತರು ನಿಂತಿರುತ್ತಾರೆ. ಎಲ್ಲಕ್ಕಿಂತ ಕೆಳಗೆ ಒಂದು ಗವಿ. ಗವಿಯೊಳಗೆ ಒಬ್ಬ ಸ್ತ್ರೀಯು ಒರಗಿಕೊಂಡು ಪುಸ್ತಕವನ್ನು ಓದುತ್ತಿದ್ದಾಳೆ; ಹತ್ತಿರದಲ್ಲಿ ಒಂದು ತಲೆಬುರುಡೆ. ಆಕೆ ಮಗ್ದಲದ ಮರಿಯಳು. ಪಾಪದ ಬಾಳನ್ನು ತೊರೆದು ಗವಿಯಲ್ಲಿ ತಪಸ್ಸು ಮಾಡಿದಳೆಂದು ಯುರೋಪಿನ ಕಥೋಲಿಕರು ನಂಬಿದ್ದ ಕಥೆ ಇಲ್ಲಿಗೆ ಬಂದಿದೆ. ದಾರಿತಪ್ಪಿ ಮರಳಿ ಸಿಕ್ಕ ಕುರಿಯೇ ಆಕೆ. ಕೆಳಗಿನ ಗವಿಯಿಂದ ಮೇಲಿನ ಬಾಲಕನವರೆಗೆ ಕಣ್ಣು ಏರುತ್ತ ಹೋದರೆ, ಪ್ರಾರ್ಥಿಸುವವನ ಮನಸ್ಸು ಏರಬೇಕಾದ ದಾರಿಯೂ ಅದೇ ಆಗಿರುವುದು. ಮೊಣಕಾಲೂರಿದವರ ಕಣ್ಣಿಗೆ ಮೊದಲು ಎದುರಾಗುವುದು ಗವಿಯೇ ಎಂಬುದನ್ನು ನೀವೇ ಊಹಿಸಬಲ್ಲಿರಿ.

ಇನ್ನು ಆ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. ಇದು ಪರದೇಶದ್ದೇ?

ಕಥೆಯು ಪರದೇಶದ್ದೆಂಬುದರಲ್ಲಿ ಸಂದೇಹವಿಲ್ಲ. ಕುರಿಗಳಿಗಾಗಿ ತನ್ನ ಪ್ರಾಣವನ್ನೇ ಕೊಡುವ ಒಳ್ಳೆಯ ಕುರಿಗಾಹಿಯ ಮಾತು ಯೊವಾನ್ನರ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿದೆ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಸಿಕೊಂಡ ಒಂದನ್ನು ಹುಡುಕಿ ಹೋಗುವವನ ಕಥೆಯು ಲೂಕರ ಹದಿನೈದನೆಯ ಅಧ್ಯಾಯದಲ್ಲಿದೆ. ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ ಹಿಂದಿನ ಕ್ರೈಸ್ತರು ಈ ಕುರಿಗಾಹಿಯನ್ನು ಗೋಡೆಗಳ ಮೇಲೆ ಚಿತ್ರಿಸಿದ್ದರು. ಆದರೆ ಆ ಚಿತ್ರಗಳಲ್ಲಿರುವವನು ತರುಣ; ನಿಂತಿದ್ದಾನೆ; ಕುರಿಯನ್ನು ಕತ್ತಿನ ಸುತ್ತ ಹೊತ್ತುಕೊಂಡು ನಮ್ಮತ್ತ ನೋಡುತ್ತಿದ್ದಾನೆ. ಬೆಟ್ಟದ ತುದಿಯಲ್ಲಿ ಕಾಲುಮಡಿಚಿ ಕುಳಿತು ಕಣ್ಣುಮುಚ್ಚಿದ ಬಾಲಕನಾಗಿ ಅವನನ್ನು, ಇಷ್ಟು ಪರಿವಾರದೊಡನೆ, ಕಲ್ಪಿಸಿದುದು ನಮ್ಮ ಪಶ್ಚಿಮ ಕರಾವಳಿಯ ಕೆತ್ತನೆಗಾರರೇ.

ಈ ಕಲ್ಪನೆ ಎಲ್ಲಿಂದ ಬಂದಿತೆಂಬುದರಲ್ಲಿ ವಿದ್ವಾಂಸರೊಳಗೆ ಒಮ್ಮತವಿಲ್ಲ. ಧ್ಯಾನಸ್ಥನಾದ ಬುದ್ಧನ ಮೂರ್ತಿಯ ನೆನಪು ಇದರಲ್ಲಿದೆಯೆಂದು ಕೆಲವರು ಹೇಳುವರು. ಗೋಪಾಲಕೃಷ್ಣನ ಮೂರ್ತಿಯನ್ನು ಕೆತ್ತಿ ಪಳಗಿದ ಕೈ ಇಲ್ಲಿ ಹಸುಗಳ ಬದಲಿಗೆ ಕುರಿಗಳನ್ನು ಕೆತ್ತಿತೆಂದು ಇನ್ನು ಕೆಲವರ ಮತ. ನಿದ್ರಿಸುವ ಬಾಲಯೇಸುವಿನ ಚಿತ್ರಗಳು ಯುರೋಪಿನಿಂದ ಅಚ್ಚಾಗಿ ಬರುತ್ತಿದ್ದವು, ಅವೇ ಮೂಲವೆಂದು ವಾದಿಸುವವರೂ ಉಂಟು. ಕೆತ್ತನೆಗಾರನ ಮುಂದೆ ಪಾದ್ರಿಗಳು ಇಟ್ಟ ಅಚ್ಚಿನ ಚಿತ್ರವಿದ್ದಿರಬಹುದು. ಅವನ ಬೆರಳುಗಳಲ್ಲಿ ಮಾತ್ರ ಅಪ್ಪ ಅಜ್ಜಂದಿರಿಂದ ಬಂದ ಅಳತೆಗಳಿದ್ದವು. ಎರಡರಲ್ಲಿ ಒಂದನ್ನೇ ಆರಿಸಬೇಕೆಂದು ನನಗೆ ತೋರುವುದಿಲ್ಲ. ಬಾದಾಮಿಯಂತಹ ಕಣ್ಣುಗಳನ್ನು, ಉಂಗುರ ಉಂಗುರವಾಗಿ ಸಾಲುಗಟ್ಟಿದ ಕೂದಲನ್ನು ನೋಡಿದಾಗ ಆ ಬೆರಳುಗಳು ಎಲ್ಲಿ ಕಲಿತವೆಂಬುದನ್ನು ಕೇಳಬೇಕಾಗಿಲ್ಲ.

ಆ ಕೆತ್ತನೆಗಾರರು ಯಾರು? ಇಲ್ಲಿ ಕಥೆ ಸ್ವಲ್ಪ ಕಹಿಯಾಗುವುದು. ಆದರೂ ಎಂಟನೆಯ ಇಯತ್ತೆಗೆ ಬಂದವರು ಕಹಿಯನ್ನೂ ತಿಳಿಯಲು ತಕ್ಕ ವಯಸ್ಸಿನವರೇ.

ಆಲ್ಬುಕರ್ಕನು ಬಿಜಾಪುರದ ಆದಿಲಶಾಹಿಯ ಕೈಯಿಂದ ಗೋವೆಯನ್ನು ಕಸಿದುಕೊಂಡುದು 1510ರಲ್ಲಿ. 1540ರಲ್ಲಿ ಗೋವೆಯ ದ್ವೀಪದ ದೇವಾಲಯಗಳನ್ನು ಕೆಡವಲಾಯಿತು. 1560ರಲ್ಲಿ ಮತದ್ರೋಹಿಗಳನ್ನು ವಿಚಾರಿಸುವ ನ್ಯಾಯಪೀಠವು ಅಲ್ಲಿ ಸ್ಥಾಪಿತವಾಯಿತು. ದೇವಾಲಯಗಳೇ ಇಲ್ಲವಾದ ಮೇಲೆ ದೇವರನ್ನು ಕೆತ್ತಿ ಬದುಕುತ್ತಿದ್ದವರ ಗತಿಯೇನು? ಹೊಸದಾಗಿ ಏಳುತ್ತಿದ್ದ ಇಗರ್ಜಿಗಳಿಗೆ ವಿಗ್ರಹಗಳು ಬೇಕಾಗಿದ್ದವು. ಕೆತ್ತಬಲ್ಲ ಕೈಗಳು ಇವರಲ್ಲಿದ್ದವು. ಹೀಗೆ ಗುಡಿ ಕಳೆದುಕೊಂಡ ಕೈಗಳೇ ಇಗರ್ಜಿಯ ಕೆಲಸಕ್ಕೆ ತೊಡಗಿದವು. ಇದು ಕ್ರೈಸ್ತ ಗುರುಗಳಿಗೂ ಸಂಕಟದ ವಿಷಯವಾಗಿತ್ತು. 1567ರಲ್ಲಿ ಗೋವೆಯಲ್ಲಿ ಸೇರಿದ ಧರ್ಮಸಭೆಯು, ಕ್ರೈಸ್ತರಲ್ಲದ ಕುಶಲಕರ್ಮಿಗಳಿಂದ ಪೂಜೆಯ ವಸ್ತುಗಳನ್ನು ಮಾಡಿಸಬಾರದೆಂದು ವಿಧಿಸಿತು. ಮುಂದೆಯೂ ಇಂತಹ ಆಜ್ಞೆಗಳು ಹೊರಟವು. ಒಂದೇ ಆಜ್ಞೆಯನ್ನು ಮತ್ತೆ ಮತ್ತೆ ಹೊರಡಿಸಬೇಕಾಯಿತೆಂದರೆ ಅದನ್ನು ಯಾರೂ ಅಷ್ಟಾಗಿ ಪಾಲಿಸುತ್ತಿರಲಿಲ್ಲವೆಂದೇ ತಿಳಿಯಬೇಕು. (ತರಗತಿಯಲ್ಲಿ ಮಾತನಾಡಬಾರದೆಂಬ ನಮ್ಮ ಆಜ್ಞೆಯ ಚರಿತ್ರೆಯೂ ಹೀಗೆಯೇ ಇದೆ.) ಮತಾಂತರ ಹೊಂದಿದವರೂ ಹೊಂದದವರೂ ಕೂಡಿ ಈ ಕೆಲಸವನ್ನು ಮಾಡಿದರು.

ಎಲ್ಲರೂ ಉಳಿಯಲಿಲ್ಲ. ಸಾಗರ, ಸೊರಬ, ಕುಮಟಾ, ಸಿರಸಿಗಳ ಗುಡಿಗಾರರ ಹೆಸರನ್ನು ನೀವು ಕೇಳಿರಬೇಕು. ಶ್ರೀಗಂಧದ ಪೆಟ್ಟಿಗೆಗಳ ಮೇಲೆ ಬಳ್ಳಿ, ಹೂವು, ದೇವತೆಗಳನ್ನು ಕೂದಲೆಳೆಯಷ್ಟು ನಯವಾಗಿ ಬಿಡಿಸುವವರು ಅವರು. ಹಿಂದೆ ದಂತವನ್ನೂ ಕೆತ್ತುತ್ತಿದ್ದರು. ಪೋರ್ಚುಗೀಸರ ಕಾಲದ ಮತಾಂತರಕ್ಕೆ ಹೆದರಿ ತಮ್ಮ ಪೂರ್ವಿಕರು ಗೋವೆಯನ್ನು ಬಿಟ್ಟು ಬಂದರೆಂಬ ಐತಿಹ್ಯವು ಅವರಲ್ಲಿದೆ. ಹಳೆಯ ಗ್ರಂಥಗಳಲ್ಲಿಯೂ ಅದು ಬರೆಯಲ್ಪಟ್ಟಿದೆ. ಹಾಗಾದರೆ ಒಂದೇ ನಾಡಿನ ಕೆತ್ತನೆಯ ಕುಲಗಳಲ್ಲಿ ಘಟ್ಟವನ್ನು ಹತ್ತಿದವರು ಸೊರಬದಲ್ಲಿ ಗಣಪತಿಯನ್ನು ಕೆತ್ತಿದರು, ಗೋವೆಯಲ್ಲಿಯೇ ಉಳಿದವರು ಬಾಲಯೇಸುವನ್ನು ಕೆತ್ತಿದರು ಎಂದು ಊಹಿಸಬಹುದು. ಇದು ಊಹೆಯೇ ಸರಿ. ಆದರೂ ಶ್ರೀಗಂಧದ ಕೆತ್ತನೆಯೊಂದನ್ನೂ ಈ ದಂತದ ಬೆಟ್ಟವನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇದೆ.

ಅವರಲ್ಲಿ ಒಬ್ಬನ ಹೆಸರೂ ಈ ಪ್ರತಿಮೆಗಳ ಮೇಲಿಲ್ಲ. ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನು ತನ್ನ ಮದನಿಕೆಯರ ಕೆಳಗೆ ಊರ ಹೆಸರಿನೊಡನೆ ತನ್ನ ಹೆಸರನ್ನು ಕೊರೆದು ಹೋಗಿದ್ದಾನೆ. ಮಗ ಚಾವಣನೂ ಹಾಗೆಯೇ ಮಾಡಿದ್ದಾನೆ. ಅದಕ್ಕಿಂತಲೂ ಹಿಂದೆ, ಎರಡು ಸಾವಿರ ವರ್ಷಗಳಾಚೆ, ಸಾಂಚಿಯ ದಕ್ಷಿಣ ತೋರಣದ ಮೇಲೆ ಅದರ ರೂಪಗಳನ್ನು ಬಿಡಿಸಿದವರು ವಿದಿಶೆಯ ದಂತಕಾರರೆಂದು ಶಾಸನವೇ ಹೇಳುತ್ತದೆ. ದಂತವನ್ನು ಕೆತ್ತುವವರು ಕಲ್ಲನ್ನು ಕೆತ್ತಿ ತಮ್ಮ ಕಸುಬಿನ ಹೆಸರನ್ನು ಹೆಮ್ಮೆಯಿಂದ ಬರೆದ ನಾಡು ಇದು. ಅದೇ ಕಾಲಕ್ಕೆ ಸಮೀಪದಲ್ಲಿ ನಮ್ಮ ದಂತಶಿಲ್ಪವು ಕಡಲನ್ನು ದಾಟಿ ರೋಮಿಗೂ ಹೋಗಿತ್ತು: ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿಯಲ್ಲಿ ಹೂತುಹೋದ ಪಾಂಪೆ ನಗರದ ಒಂದು ಮನೆಯಲ್ಲಿ ಭಾರತದ ದಂತದ ಸ್ತ್ರೀಮೂರ್ತಿಯೊಂದು 1938ರಲ್ಲಿ ಸಿಕ್ಕಿತು. ಗೋವೆಯವರು ಮಾತ್ರ ಹೆಸರನ್ನು ಬರೆಯಲಿಲ್ಲ. ನಿಷೇಧವಿದ್ದ ಕಡೆ ಹೆಸರು ಬರೆದು ಸಿಕ್ಕಿಬೀಳುವವರು ಯಾರು ಎಂದು ನನಗೆ ಒಮ್ಮೊಮ್ಮೆ ಅನಿಸುವುದುಂಟು.

ಪೂಜೆಯ ವಸ್ತುಗಳು ಹೀಗೆ ಎಲ್ಲೆಯನ್ನು ದಾಟಿರುವುದು ಗೋವೆಯಲ್ಲಿ ಮಾತ್ರವಲ್ಲ. ಸಾನಪಾಡಾದಿಂದ ಠಾಣೆಯ ಗಾಡಿಯನ್ನು ಹತ್ತಿದರೆ ಖಾಡಿಯ ಆಚೆಯ ದಡದಲ್ಲಿ ನೀವು ಇಳಿಯುವ ನೆಲವೂ ಒಂದು ಕಾಲಕ್ಕೆ ಪೋರ್ಚುಗೀಸರದೇ. 1534ರಿಂದ 1739ರವರೆಗೆ ವಸಯಿಯ ಕೋಟೆ ಅವರ ಕೈಯಲ್ಲಿತ್ತು. ಚಿಮಾಜಿ ಅಪ್ಪನು ಅದನ್ನು ಗೆದ್ದ ಮೇಲೆ ಅಲ್ಲಿಯ ಇಗರ್ಜಿಗಳ ಗಂಟೆಗಳನ್ನು ಮರಾಠರು ಒಯ್ದರು. ಭೀಮಾಶಂಕರದಲ್ಲಿ, ವಾಯಿಯ ಹತ್ತಿರದ ಮೇಣವಲಿಯಲ್ಲಿ ಅಂತಹ ಗಂಟೆಗಳು ದೇವಾಲಯದ ಗಂಟೆಗಳಾಗಿ ತೂಗುತ್ತಿವೆ. ದಕ್ಷಿಣದಲ್ಲಿ, ಗೋವೆಯಿಂದ ಕನ್ನಡ ಜಿಲ್ಲೆಗೆ ಬಂದು ನೆಲೆಸಿದ ಕ್ರೈಸ್ತರು ಮಂಗಳೂರಿನಲ್ಲಿ 1680ರಲ್ಲಿ ಕಟ್ಟಿಕೊಂಡ ಮಿಲಾಗ್ರಿಸ್ ಇಗರ್ಜಿಯನ್ನು 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ಕೆಡವಲಾಯಿತು. ಸಾವಿರಾರು ಜನರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ನಡೆಸಿಕೊಂಡು ಹೋದರು. ಅಂತಹ ಕಾಲದಲ್ಲಿ ಇಗರ್ಜಿ ಹೋದರೂ ಮನೆಯ ಮೂಲೆಯ ಪ್ರಾರ್ಥನೆ ಉಳಿಯಿತು. ಅಲ್ತಾರಿನ ಚಿತ್ರವನ್ನು ತಂದ ಬಾಲಕನ ಹಿರಿಯರು ಆ ಜನರಲ್ಲಿಯೇ ಇದ್ದಿರಬಹುದು.

ಈಗ ವಸ್ತುವಿನ ವಿಷಯ. ಆನೆಯ ದಂತವು ಕೊಂಬಲ್ಲ. ಹೆಸರೇ ಹೇಳುವಂತೆ ಹಲ್ಲು. ಮೇಲ್ದವಡೆಯ ಎರಡು ಬಾಚಿಹಲ್ಲುಗಳು ಆನೆಯ ಆಯುಷ್ಯವಿರುವವರೆಗೂ ಬೆಳೆಯುತ್ತ ಹೊರಗೆ ಚಾಚಿಕೊಳ್ಳುತ್ತವೆ. ಸುಮಾರು ಮೂರರಲ್ಲಿ ಒಂದು ಭಾಗವು ತಲೆಯ ಎಲುಬಿನೊಳಗೆ ಹುದುಗಿರುತ್ತದೆ. ಬುಡದ ಕಡೆ ಒಳಗೆಲ್ಲ ಟೊಳ್ಳು, ತುದಿಯ ಕಡೆ ಗಟ್ಟಿ. ಕೆತ್ತನೆಗಾರನು ಮೊದಲು ನೋಡುವುದು ಈ ಟೊಳ್ಳು ಎಲ್ಲಿ ಮುಗಿಯುವುದೆಂಬುದನ್ನು. ಗಟ್ಟಿಯಾದ ತುಂಡನ್ನು ಗರಗಸದಿಂದ ಕೊಯ್ದು, ಉಳಿಯಿಂದ ಕಡೆದು, ಅರದಿಂದ ಉಜ್ಜಿ ನಯಮಾಡುವನು. ದಂತದ ಅಗಲ ಕೆಲವೇ ಅಂಗುಲಗಳಾದುದರಿಂದ ಚಾಚಿದ ತೋಳನ್ನು ಒಂದೇ ತುಂಡಿನಲ್ಲಿ ಕೆತ್ತಲಾಗದು. ಶಿಲುಬೆಯ ಮೇಲಿನ ಯೇಸುವಿನ ಪ್ರತಿಮೆಗಳಲ್ಲಿ ತೋಳುಗಳನ್ನು ಬೇರೆಯಾಗಿ ಕೆತ್ತಿ ಹೆಗಲಿಗೆ ಸಣ್ಣ ಬೆಣೆಗಳಿಂದ ಸೇರಿಸಿರುವುದನ್ನು ಕಾಣಬಹುದು. ನಿಂತಿರುವ ಮಾತೆಯ ಪ್ರತಿಮೆಗಳು ಒಮ್ಮೊಮ್ಮೆ ಒಂದು ಪಕ್ಕಕ್ಕೆ ಬಾಗಿರುವುದು ದಂತವೇ ಹಾಗೆ ಬಾಗಿರುವುದರಿಂದ. ಕೈಕಾಲುಗಳನ್ನು ಮೈಗೆ ಒತ್ತಿ ಕುಳಿತ ನಮ್ಮ ಕುರಿಗಾಹಿಯು ಈ ಇಕ್ಕಟ್ಟಾದ ವಸ್ತುವಿಗಾಗಿಯೇ ಹುಟ್ಟಿದಂತಿದ್ದಾನೆ. ಕೆತ್ತನೆ ಮುಗಿದ ಮೇಲೆ ಕೂದಲು, ತುಟಿ, ಕಣ್ಣುಗಳಿಗೆ ಬಣ್ಣವನ್ನೂ ಅಲ್ಲಲ್ಲಿ ಬಂಗಾರದ ಲೇಪವನ್ನೂ ಕೊಡುತ್ತಿದ್ದರು. ಈಗ ಬಿಳಿಯಾಗಿ ಕಾಣುವ ಅನೇಕ ಪ್ರತಿಮೆಗಳ ಮಡಿಕೆಗಳಲ್ಲಿ ಆ ಬಣ್ಣದ ಕಣಗಳು ಇನ್ನೂ ಉಳಿದಿವೆ.

ದಂತವನ್ನು ಎಲುಬಿನಿಂದ ಬೇರೆ ಗುರುತಿಸುವುದು ಹೇಗೆಂದು ನೀವು ಕೇಳಬಹುದು. ಬುಡವನ್ನು ಕೊಯ್ದ ಕಡೆ ಭೂತಕನ್ನಡಿಯಿಂದ ನೋಡಿದರೆ, ದಂತದಲ್ಲಿ ಒಂದನ್ನೊಂದು ಕತ್ತರಿಸಿಕೊಂಡು ಹೋಗುವ ಬಾಗಿದ ಗೆರೆಗಳ ಜಾಲ ಕಾಣುವುದು. ಎಲುಬಿನಲ್ಲಿ ಆ ಜಾಲವಿಲ್ಲ; ಬದಲಿಗೆ ರಕ್ತನಾಳಗಳು ಹಾದುಹೋಗಿದ್ದ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿರುವುವು. ಪ್ಲಾಸ್ಟಿಕ್ಕಿನಲ್ಲಿ ಇವೆರಡೂ ಇಲ್ಲ.

ಅಂದಹಾಗೆ, ಗೋವೆಯಲ್ಲಿ ಕೆತ್ತಿದ ದಂತವೆಲ್ಲ ನಮ್ಮ ಕಾಡಿನದೆಂದು ಭಾವಿಸಬಾರದು. ನಮ್ಮ ಆನೆಗಳಲ್ಲಿ ಹೆಣ್ಣಿಗೆ ಹೊರಚಾಚಿದ ದಂತವಿಲ್ಲ. ಗಂಡಿನಲ್ಲಿಯೂ ಕೆಲವು ಮಕನಗಳು. ಆಫ್ರಿಕದ ಆನೆಗಳಲ್ಲಿ ಹೆಣ್ಣು ಗಂಡು ಎರಡಕ್ಕೂ ದಂತಗಳುಂಟು, ಅವು ದೊಡ್ಡವೂ ಹೌದು. ಪೂರ್ವ ಆಫ್ರಿಕದ ಮೊಜಾಂಬಿಕ್ ಕೂಡ ಪೋರ್ಚುಗೀಸರ ಕೈಯಲ್ಲಿದ್ದುದರಿಂದ ಅಲ್ಲಿಯ ದಂತಗಳು ಮಳೆಗಾಲದ ಗಾಳಿಯನ್ನು ಹಿಡಿದ ಹಡಗುಗಳಲ್ಲಿ ಗೋವೆಗೂ ದೀವಿಗೂ ಬರುತ್ತಿದ್ದವು. ಇದನ್ನು ಹೇಳಿದಾಗ ಒಬ್ಬ ಬಾಲಕಿಯು, "ಹಾಗಾದರೆ ಕುರಿಮರಿಯನ್ನು ಕಾಯುವ ದೇವರನ್ನು ಮಾಡಲು ಆನೆಯನ್ನು ಕೊಂದರೇ?" ಎಂದು ಕೇಳಿದಳು. ಕೊಂದರು. ಇದಕ್ಕೆ ಬೇರೆ ಮಾತಿನ ಮುಸುಕನ್ನು ಹಾಕುವುದು ಸರಿಯಲ್ಲ. ಸತ್ತ ಆನೆಗಳ ದಂತಗಳೂ ಮಾರಾಟಕ್ಕೆ ಬರುತ್ತಿದ್ದುದು ನಿಜ; ಆದರೆ ಹಡಗುಗಟ್ಟಲೆ ದಂತವು ಬೇಟೆಯಿಲ್ಲದೆ ಬರುವುದಿಲ್ಲ. ದಂತವನ್ನು ಪೂರ್ತಿಯಾಗಿ ತೆಗೆಯಬೇಕಾದರೆ ತಲೆಯ ಎಲುಬನ್ನು ಒಡೆಯಬೇಕು. ಜೀವಂತ ಆನೆ ಅದನ್ನು ಸಹಿಸಿ ಬದುಕಲಾರದು. ಪ್ರತಿಮೆಯ ಬೆಲೆಯಲ್ಲಿ ಆ ಪ್ರಾಣವೂ ಸೇರಿದೆ. ಹೆಗಲ ಮೇಲಿನ ಮರಿಯನ್ನು ಎಷ್ಟು ಅಕ್ಕರೆಯಿಂದ ಕೆತ್ತಿದ್ದಾನೆಂದು ನೋಡುವಾಗಲೂ ನನಗೆ ಇದು ಮರೆಯುವುದಿಲ್ಲ.

ಆ ಲೆಕ್ಕವನ್ನು ನಿಲ್ಲಿಸಲು ಬಹಳ ಕಾಲ ಹಿಡಿಯಿತು. ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯಿದೆಯು 1972ರಲ್ಲಿ ಬಂದಿತು. 1977ರಲ್ಲಿ ಆನೆಯನ್ನು ಅದರ ಮೊದಲನೆಯ ಪಟ್ಟಿಗೆ ಸೇರಿಸಿದರು. 1986ರಲ್ಲಿ ಭಾರತದ ದಂತದ ವ್ಯಾಪಾರವೂ, 1991ರಲ್ಲಿ ಹೊರಗಿನಿಂದ ಬಂದ ಆಫ್ರಿಕದ ದಂತದ ವ್ಯಾಪಾರವೂ ನಿಷಿದ್ಧವಾದವು. ಅಂದಿನಿಂದ ಮೈಸೂರಿನಲ್ಲಿ ಬೀಟೆಯ ಮರದ ಮೇಲೆ ದಂತವನ್ನು ಕೂರಿಸಿ ಚಿತ್ರ ಬಿಡಿಸುತ್ತಿದ್ದವರು ಬಣ್ಣಬಣ್ಣದ ಮರದ ಚೂರುಗಳನ್ನೂ ಬಿಳಿಯ ಪ್ಲಾಸ್ಟಿಕ್ಕನ್ನೂ ಬಳಸುತ್ತಾರೆ. ಹಳೆಯ ದಂತದ ವಸ್ತುವು ಯಾರ ಮನೆಯಲ್ಲಾದರೂ ಇದ್ದರೆ ಅದನ್ನು ಮಾರುವುದು, ಕೊಳ್ಳುವುದು ಅಪರಾಧ. ನೂರು ವರ್ಷಗಳಿಗಿಂತ ಹಳೆಯ ಕಲಾವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯಕೂಡದೆಂದು 1972ರ ಪುರಾತನ ವಸ್ತುಗಳ ಕಾಯಿದೆಯೂ ಹೇಳುತ್ತದೆ. ಊರಿನ ಹಳೆಯ ಮನೆಗಳನ್ನು ಕೆಡವಿ ಹೊಸ ಮಾಳಿಗೆಗಳನ್ನು ಕಟ್ಟುತ್ತಿರುವ ಈ ದಿನಗಳಲ್ಲಿ, 'ಹಳೆಯ ಸಾಮಾನಿಗೆ ಒಳ್ಳೆಯ ಬೆಲೆ ಕೊಡುತ್ತೇವೆ' ಎಂದು ಬಾಗಿಲಿಗೆ ಬರುವವರಿದ್ದಾರೆ. ಅಜ್ಜಿಯರಿಗೆ ಇದನ್ನು ನೀವೇ ತಿಳಿಸಿ ಹೇಳಬೇಕು. ಇನ್ನೊಂದು ಮಾತು. ಹಳದಿಯಾದ ದಂತವನ್ನು ಬೆಳ್ಳಗೆ ಮಾಡಬೇಕೆಂದು ಹುಣಿಸೆಹಣ್ಣು, ನಿಂಬೆರಸ, ಸೋಪಿನ ನೀರುಗಳಿಂದ ತೊಳೆಯಬಾರದು. ದಂತವು ನೀರನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಹುಳಿಯು ಅದರ ಮೈಯನ್ನೇ ತಿನ್ನುತ್ತದೆ. ಮುಂಬಯಿಯ ಮಳೆಗಾಲವೊಂದೇ ಅದಕ್ಕೆ ಸಾಕಷ್ಟು ಕಷ್ಟ ಕೊಡುತ್ತದೆ. ಮೆತ್ತನೆಯ ಕುಂಚದಿಂದ ಧೂಳನ್ನು ಝಾಡಿಸಿದರಾಯಿತು. ಆ ಹಳದಿಯು ಕೊಳೆಯಲ್ಲ, ವಯಸ್ಸು.

ಇನ್ನು ಹಿಂದಿನ ಬೆಂಚಿನ ವಿದ್ಯಾರ್ಥಿಗೆ ನಾನು ಹೇಳಬಹುದಾದುದು ಇಷ್ಟು. ಆ ಬೆಟ್ಟದ ಕಥೆಯು ಪ್ಯಾಲೆಸ್ತೀನಿನದು, ದಂತವು ಬಹುಮಟ್ಟಿಗೆ ಆಫ್ರಿಕದ್ದು, ಮಾಡಿಸಿದವರಲ್ಲಿ ಹಲವರು ಪೋರ್ಚುಗಲ್ಲಿನವರು. ಕಣ್ಣು, ಕೂದಲು, ಕುಳಿತ ಭಂಗಿಗಳು ನಿನ್ನ ಊರಿನ ಗುಡಿಯಲ್ಲಿ ನೀನು ಕಂಡಿರುವಂತಹವು. ಅಲ್ತಾರಿನ ಚಿತ್ರ ತಂದವನ ಮನೆಯಲ್ಲಿರುವುದು ಸುಣ್ಣದ ಅಚ್ಚಿನ ಹತ್ತು ಅಂಗುಲದ ವಿಗ್ರಹ, ಮಂಗಳೂರಿನ ಅಂಗಡಿಯಿಂದ ತಂದದ್ದು. ಅದರ ಹೆಗಲ ಮೇಲಿನ ಮರಿಗೆ ಒಂದು ಕಿವಿಯಿಲ್ಲ. ಮನೆ ಬದಲಾಯಿಸುವಾಗ ಟೆಂಪೋದಲ್ಲಿ ಮುರಿದುಹೋಯಿತೆಂದು ಅವನೇ ಆಮೇಲೆ ನನಗೆ ಹೇಳಿದನು.

ಹಳೆಯ ಗೋವೆಗೆ ಹೋಗುವ ಅವಕಾಶ ಸಿಕ್ಕಿದವರು ಈ ಪ್ರತಿಮೆಯನ್ನು ಮುಂದಿನಿಂದ ಮಾತ್ರ ನೋಡಿ ಬರಬಾರದು. ಗಾಜಿನ ಪೆಟ್ಟಿಗೆಯ ಪಕ್ಕಕ್ಕೆ ಹೋಗಿ, ಸಾಧ್ಯವಾದರೆ ಬೆನ್ನಿನ ಕಡೆಯಿಂದಲೂ ನೋಡಬೇಕು. ಮೊದಲು ಈ ಬಾಲಕನ ಹಿಂದೆ ಒಂದು ಮರವಿರುತ್ತಿತ್ತು. ಎಲೆಗಳು ತುಂಬಿದ ಕೊಂಬೆಗಳ ನಡುವೆ ತಂದೆಯಾದ ದೇವರು ಕೈಯೆತ್ತಿ ಹರಸುತ್ತಿದ್ದನು. ಅದನ್ನು ಬೇರೆ ತುಂಡುಗಳಲ್ಲಿ ಕೆತ್ತಿ ಬ೦ಡೆಗೆ ಸಿಕ್ಕಿಸುತ್ತಿದ್ದರು. ತೆಳುವಾದುದರಿಂದ ಬಹಳ ಪ್ರತಿಮೆಗಳಲ್ಲಿ ಆ ಮರವು ಮುರಿದು ಕಳೆದುಹೋಗಿದೆ. ಕೊಂಬೆಗಳನ್ನು ಸಿಕ್ಕಿಸಲು ಕೊರೆದ ಸಣ್ಣ ರಂಧ್ರಗಳು ಮಾತ್ರ, ಬಾಲಕನ ಬೆನ್ನ ಹಿಂದೆ, ಇನ್ನೂ ಹಾಗೆಯೇ ಇರುವುವು.